ಮಷೀನಿನ ಪರವಾಗಿ ಸಾಕ್ಷಿ

ನಾಗಪುರದಲ್ಲಿ ಬಿಂದುಮಾಧವ ಎಂದು ವಿಚಾರಿಸಿದರೆ ಒಬ್ಬರೂ ದಾರಿ ತೋರಿಸುವುದಿಲ್ಲ. ‘ಬಿಂದು ಭಾವು’ ಎನ್ನಿ, ಊರಾಚೆ ಕನ್ಹಾನ್ ಕಡೆಯ ಸಣ್ಣಪುಟ್ಟ ಕಾರ್ಖಾನೆಗಳ ಗೇಟಿನಲ್ಲಿ ಕೂತ ಚೌಕೀದಾರರೂ ಎದ್ದು ನಿಂತು ಹೇಳುತ್ತಾರೆ. ಭಾವು ಎಂದರೆ ಅಲ್ಲಿ ಅಣ್ಣ. ಅವನಿಗಿಂತ ಹಿರಿಯರಾದವರೂ ಅವನನ್ನು ಭಾವು ಎಂದೇ ಕರೆಯುತ್ತಾರೆ. ಮಷೀನು ನಿಂತಾಗ ಎಂಥವನೂ ತಮ್ಮನಾಗಲು ತಯಾರಿರುತ್ತಾನೆ, ಅದರಲ್ಲೇನು!

ಅವನ ತಂದೆ ವಿಜಯಪುರದ ಕಡೆಯಿಂದ ರೈಲ್ವೆಗೆ ಸೇರಿ, ವರ್ಗವಾಗಿ ನಾಗಪುರಕ್ಕೆ ಬಂದು, ಇಲ್ಲಿಯ ಅಜನಿಯ ಲೋಕೋ ಶೆಡ್ಡಿನಲ್ಲೇ ರಿಟೈರಾದರು. ಮಗ ಬೆಳೆದದ್ದು ರೈಲ್ವೆ ಕ್ವಾರ್ಟರ್ಸಿನಲ್ಲಿ. ಮನೆಯಲ್ಲಿ ವಿಜಯಪುರದ ಕನ್ನಡ, ಓಣಿಯಲ್ಲಿ ಮರಾಠಿ, ಶಾಲೆಯಲ್ಲಿ ಹಿಂದಿ. ಸಿಟ್ಟು ಬಂದರೆ ಮೂರೂ ಒಟ್ಟಿಗೆ. ಡಿಪ್ಲೊಮಾ ಮುಗಿಸಿ ಮೊದಮೊದಲು ಸುಟ್ಟ ಮೋಟರು ಬಿಚ್ಚಿ ತಂತಿ ಸುತ್ತುವ ಕೆಲಸ ಮಾಡಿದ. ಆಮೇಲೆ ಕಾಲ ಬದಲಾಯಿತು. ಮಷೀನುಗಳಿಗೆ ಕಣ್ಣು ಬಂದವು, ಕೈ ಬಂದವು, ಕೊನೆಗೆ ಬುದ್ಧಿಯೂ ಬಂತು. ತಲೆಗೂದಲು ನರೆಯುವ ವಯಸ್ಸಿನಲ್ಲಿ ಬಿಂದುಮಾಧವ ಲ್ಯಾಪ್‌ಟಾಪ್ ಹಿಡಿದು ಆ ಬುದ್ಧಿಯನ್ನು ತಿದ್ದುವುದನ್ನೂ ಕಲಿತ. ಈಗ ಕೊರಳಿನ ಕಾರ್ಡಿನಲ್ಲಿ ‘ಮೆಕಾಟ್ರಾನಿಕ್ಸ್ ಟೆಕ್ನಿಷಿಯನ್’ ಎಂದು ಬರೆದಿದೆ. ಹೆಂಡತಿ ವತ್ಸಲಾಗೆ ಆ ಹೆಸರು ನಾಲಿಗೆಯಲ್ಲಿ ನಿಲ್ಲುವುದಿಲ್ಲ. ‘ನಮ್ಮವರು ಮಷೀನಿನ ಡಾಕ್ಟರು’ ಎಂದುಬಿಡುತ್ತಾಳೆ. ಅವನೂ ಬೇಡ ಎನ್ನುವುದಿಲ್ಲ.

ಅಲ್ಲೇ ಇದ್ದದ್ದು ನೋಡಿ ತೊಂದರೆ. ಮನುಷ್ಯ ಒಳ್ಳೆಯವನು, ಕೆಲಸಕ್ಕೆ ಕಳ್ಳನಲ್ಲ, ಕುಡಿಯುವವನಲ್ಲ. ಆದರೆ ಮಷೀನಿನ ಮಾತು ಬಂದರೆ ಮಾತ್ರ ತಲೆ ಆಕಾಶದಲ್ಲಿ. ‘ಮಷೀನು ಸುಳ್ಳು ಹೇಳೂದಿಲ್ಲ, ಮನಷಾ ಹೇಳ್ತಾನ’ ಎನ್ನುವುದು ಅವನ ಬಾಯಿಪಾಠ. ಮನೆಯಲ್ಲಿ ಮಿಕ್ಸರ್ ಕೆಟ್ಟರೂ ಅದೇ ಮಾತು. ‘ನೀನೇ ಏನರ ಮಾಡಿರ್ತೀ’ ಎಂದು ವತ್ಸಲಾಳ ಮುಖ ನೋಡುತ್ತಿದ್ದ. ಅವಳು ಇಪ್ಪತ್ತೈದು ವರ್ಷ ಕೇಳಿಕೊಂಡಳು, ಪಾಪ.

ಅವನು ಕೆಲಸಕ್ಕಿರುವುದು ಕನ್ಹಾನಿನ ಆಚೆಗಿನ ಒಂದು ಮಿಠಾಯಿ ಕಾರ್ಖಾನೆಯಲ್ಲಿ. ನಾಗಪುರ ಎಂದ ಮೇಲೆ ಸಂತ್ರಾ, ನಮ್ಮ ಕಿತ್ತಳೆ, ಇರಲೇಬೇಕು, ಸಂತ್ರಾ ಎಂದ ಮೇಲೆ ಸಂತ್ರಾ ಬರ್ಫಿ. ಕಿತ್ತಳೆ ಬಣ್ಣದ ಬರ್ಫಿ ತುಂಡುಗಳನ್ನು ಸಣ್ಣ ತಟ್ಟೆಗಳಲ್ಲಿ ಜೋಡಿಸಿ ಓಡುವ ಪಟ್ಟೆಯ ಮೇಲಿಡುವುದು ಹೆಂಗಸರ ಕೆಲಸ. ಮುಂದಿನದೆಲ್ಲ ಮಷೀನಿನದು. ರೋಬೋ ಕೈಯೊಂದು ರಬ್ಬರಿನ ಬಟ್ಟಲುಗಳಿಂದ ತಟ್ಟೆಯನ್ನು ಹೀರಿ ಎತ್ತಿ ಡಬ್ಬಿಯೊಳಗಿಡುತ್ತದೆ, ಇನ್ನೊಂದು ಮುಚ್ಚಳ ಹಾಕಿ ಅಂಟಿಸುತ್ತದೆ. ಕಡೆಗೆ ಡಬ್ಬಿ ಒಂದು ತೂಕದ ಕಾಟಾದ ಮೇಲೆ ಹಾಯುತ್ತದೆ. ತೂಕ ಕಡಿಮೆ ಬಂದರೆ ಪಕ್ಕದಲ್ಲಿ ಕಾದಿರುವ ದಬ್ಬುವ ಕೈ ಆ ಡಬ್ಬಿಯನ್ನು ಹೊರಗೆ ತಳ್ಳುತ್ತದೆ. ಇಷ್ಟೇ ಕಥೆ. ಒಮ್ಮೊಮ್ಮೆ ರಬ್ಬರ್ ಬಟ್ಟಲಿಗೆ ತುಪ್ಪ ಹತ್ತಿ ಹಿಡಿತ ಜಾರುತ್ತದೆ, ತಟ್ಟೆ ಡಬ್ಬಿಗೆ ಬೀಳದೆ ಪಟ್ಟೆಯ ತುದಿಗೆ ಹೋಗಿ, ಪುಡಿಯಾದ ತುಂಡುಗಳ ಜೊತೆ ಸೇರಿ ಮತ್ತೆ ಕಡಾಯಿಗೆ ವಾಪಸಾಗುತ್ತದೆ. ಖಾಲಿ ಡಬ್ಬಿ ಮುಂದೆ ಬರುತ್ತದೆ, ಕಾಟಾ ಹಿಡಿಯುತ್ತದೆ, ಕೈ ದಬ್ಬುತ್ತದೆ. ಯಾರಿಗೂ ಏನೂ ಆಗುವುದಿಲ್ಲ.

ಆ ವರ್ಷ ದೀಪಾವಳಿಯ ಹೊತ್ತಿಗೆ ಕಾಟಾಕ್ಕೆ ಹುಚ್ಚು ಹಿಡಿಯಿತು. ಹೊಸದಾಗಿ ಕೂರಿಸಿದ ದೊಡ್ಡ ಫ್ಯಾನಿನ ಅದುರಿಗೆ ಅದು ಒಳ್ಳೆಯ ಡಬ್ಬಿಗಳನ್ನೂ ಕಡಿಮೆ ತೂಕ ಎಂದು ತೋರಿಸತೊಡಗಿತು. ದಬ್ಬುವ ಕೈ ತುಂಬಿದ ಡಬ್ಬಿಗಳನ್ನೆಲ್ಲ ಹೊರಗೆ ದಬ್ಬುತ್ತ ಹೋಯಿತು. ಹೊರಗೆ ಲಾರಿಗಳು ನಿಂತಿದ್ದವು. ಮ್ಯಾನೇಜರ್ ಗಿರಿಧರ್ ಸಾಹೇಬ ನಡುಮನೆಯಲ್ಲಿ ಬೆಂಕಿ ಬಿದ್ದವರ ಹಾಗೆ ಕೂಗಾಡಿದ. ಅಲ್ಲಿ ನಡೆಯುವ ಮಾತೆಲ್ಲ ಮರಾಠಿ, ಹಿಂದಿ. ನಾನು ನಮ್ಮ ಮಾತಿಗೆ ತಂದು ಹೇಳುತ್ತಿದ್ದೇನೆ, ಅಷ್ಟೇ.

“ಭಾವು, ಏನಾರ ಮಾಡು, ಮಾಲು ಹೊರಗ ಹೋಗ್ಬೇಕು. ಜಲ್ದಿ!”

ಬಿಂದುಮಾಧವ ಲ್ಯಾಪ್‌ಟಾಪ್ ಜೋಡಿಸಿದ. ಕಾಟಾ ಏನೇ ಹೇಳಲಿ, ‘ತೂಕ ಸರಿ ಇದೆ’ ಎಂದೇ ಮಷೀನು ತಿಳಿಯಬೇಕು, ಹಾಗೆ ಬುದ್ಧಿಗೆ ಒಂದು ಒತ್ತಾಯ ಹಾಕಿದ. ಇವರ ಕಸುಬಿನಲ್ಲಿ ಅದಕ್ಕೆ ‘ಫೋರ್ಸ್ ಹಾಕೋದು’ ಎನ್ನುತ್ತಾರೆ. ತಾತ್ಕಾಲಿಕ ಕೆಲಸ. ಎಲ್ಲರೂ ಹಾಕುತ್ತಾರೆ, ರಿಪೇರಿ ಮುಗಿದ ಮೇಲೆ ತೆಗೆಯುತ್ತಾರೆ. ಲೈನು ಓಡಿತು. ಸಾಹೇಬ ಬೆನ್ನು ತಟ್ಟಿದ. ಹಬ್ಬ ಮುಗಿದ ಮೇಲೆ ಬಿಂದುಮಾಧವ ಫ್ಯಾನಿನ ಕೆಳಗೆ ರಬ್ಬರಿಟ್ಟು ಅದುರು ನಿಲ್ಲಿಸಿದ. ಫೋರ್ಸ್ ತೆಗೆಯುವುದನ್ನು ಮರೆತ.

ಮರೆತ ಅಷ್ಟೇ. ಕೆಟ್ಟ ಬುದ್ಧಿ ಏನಿರಲಿಲ್ಲ. ಮರೆವು ಯಾರಿಗೆ ಬರುವುದಿಲ್ಲ ಎಂದು ನೀವು ಕೇಳಬಹುದು. ಕೇಳಿ. ಆದರೆ ಮುಂದಿನದನ್ನೂ ಕೇಳಿ.

ಸ್ವಲ್ಪ ದಿನಕ್ಕೆ ಅಂಗಡಿಗಳಿಂದ ದೂರು ಬರತೊಡಗಿದವು. ಡಬ್ಬಿ ತೆರೆದರೆ ಒಳಗೆ ಏನೂ ಇಲ್ಲ! ಅಂಟು ಹಾಗೇ ಇದೆ, ಮುಚ್ಚಳ ಹಾಗೇ ಇದೆ, ಬರ್ಫಿ ಮಾತ್ರ ಮಾಯ. ಗಿರಿಧರ್ ಸಾಹೇಬ ಎಲ್ಲರನ್ನೂ ಲೈನಿನ ಹತ್ತಿರ ಕರೆದ. ಪ್ಯಾಕಿಂಗಿನ ಹೆಂಗಸರು ತಲೆಗೆ ಬಿಳಿ ಟೋಪಿ ಹಾಕಿಕೊಂಡು ಒಂದು ಕಡೆ ನಿಂತರು. ಅವರ ಮುಂದಾಳು ಸತ್ಯಭಾಮಾಬಾಯಿ, ಐವತ್ತರ ಹತ್ತಿರದ ಗಟ್ಟಿ ಹೆಂಗಸು, ಆ ಕಾರ್ಖಾನೆಯಲ್ಲೇ ಕೂದಲು ಹಣ್ಣಾದವಳು. ಕೊನೆಯಲ್ಲಿ ನಿಂತವಳು ಯಶಿಕಾ, ಸಣ್ಣ ವಯಸ್ಸಿನ ಹುಡುಗಿ, ಕನ್ಹಾನಿನವಳೇ, ಬಾಯಿಬಡಕಿ, ಯಾವಾಗಲೂ ನಗುತ್ತಲೇ ಇರುವವಳು.

“ಭಾವು, ಎಲ್ಲಾರ ಮುಂದ ಮಷೀನು ನೋಡಿ ಹೇಳು” ಎಂದ ಸಾಹೇಬ.

ಬಿಂದುಮಾಧವನಿಗೆ ಆ ಹೊತ್ತಿಗೆ ಒಂದು ಬಗೆಯ ಹುರುಪೇ ಬಂದಿತ್ತು, ಅದನ್ನು ಮುಚ್ಚಿಡುವುದು ಯಾಕೆ? ಎಲ್ಲರೂ ಅವನ ಕೈಯನ್ನೇ ನೋಡುತ್ತಿದ್ದರು. ಅವನು ಮಷೀನನ್ನು ನಿಲ್ಲಿಸಿ, ಕೈಯಿಂದ ನಡೆಸುವ ಗುಂಡಿಗೆ ತಿರುಗಿಸಿದ. ಖಾಲಿ ಡಬ್ಬಿಯನ್ನು ಕಾಟಾದ ಮೇಲಿಟ್ಟ. ಕಾಟಾ ಕಡಿಮೆ ತೂಕ ತೋರಿಸಿತು, ಬರೋಬರ್. ತುಂಬಿದ್ದನ್ನು ಇಟ್ಟ, ಪೂರ್ತಿ ತೂಕ ತೋರಿಸಿತು, ಬರೋಬರ್. ಗುಂಡಿ ಒತ್ತಿ ದಬ್ಬುವ ಕೈಯನ್ನು ಆಡಿಸಿದ, ಅದು ಠಣ್ಣನೆ ಮುಂದೆ ಬಂದು ಹಿಂದೆ ಹೋಯಿತು, ಅದೂ ಬರೋಬರ್. ಕಾಟಾ ಸರಿ, ಕೈ ಸರಿ. ಆದರೆ ಕಾಟಾ ಹೇಳಿದ್ದು ಕೈಗೆ ಮುಟ್ಟುತ್ತದೋ ಇಲ್ಲವೋ ಎಂದು ಲೈನು ಓಡಿಸಿ ಒಂದು ಖಾಲಿ ಡಬ್ಬಿ ಬಿಟ್ಟು ನೋಡಿದ್ದರೆ ಮುಗಿಯುತ್ತಿತ್ತು. ನೋಡಲಿಲ್ಲ. ಆ ನಡುವಿನ ಬುದ್ಧಿ ತನ್ನ ಕೈಯದೇ ಅಲ್ಲವೇ, ಅದರಲ್ಲಿ ನೋಡುವುದೇನಿದೆ!

“ಮಷೀನು ಸುಳ್ಳು ಹೇಳೂದಿಲ್ಲ ಸಾಹೇಬ್ರ” ಎಂದ. ಅಷ್ಟಕ್ಕೇ ಬಿಡದೆ, ಹೆಂಗಸರ ಕಡೆಗೊಮ್ಮೆ ನೋಡಿ, “ಉಳಿದದ್ದು ನೀವು ನೋಡ್ಕೋರಿ” ಎಂದೂ ಸೇರಿಸಿದ.

ಆ ಸಂಜೆಯಿಂದ ಗೇಟಿನಲ್ಲಿ ಹೆಂಗಸರ ಜಡತಿ, ಅಂದರೆ ತಪಾಸಣೆ, ಶುರುವಾಯಿತು. ಚೀಲ ಬಿಚ್ಚಬೇಕು, ಊಟದ ಡಬ್ಬಿ ತೆಗೆದು ತೋರಿಸಬೇಕು, ಸೆರಗು ಕೊಡವಬೇಕು. ಎದುರಿನ ಚಹಾ ಅಂಗಡಿಯ ಗಂಡಸರು ಗ್ಲಾಸು ಹಿಡಿದು ನೋಡುತ್ತಿದ್ದರು. ಬಿಂದುಮಾಧವ ಅದೇ ಗೇಟಿನಿಂದ ಬೈಕ್ ಹತ್ತಿ ಹೋಗುತ್ತಿದ್ದ. ಅವನ ಚೀಲವನ್ನು ಯಾರೂ ಮುಟ್ಟುತ್ತಿರಲಿಲ್ಲ. ಒಂದು ವಾರ ಕಳೆಯುವುದರೊಳಗೆ ಯಶಿಕಾಳನ್ನು ಕೆಲಸದಿಂದ ತೆಗೆದರು. ಕದ್ದಳು ಎಂದೇ ಹೇಳಿ ತೆಗೆದರು. ಹುಡುಗಿ ಗೇಟಿನಲ್ಲಿ ನಿಂತು ಅಳುತ್ತ, “ನನ್ನ ಹತ್ರ ಏನು ಸಿಕ್ಕೈತಿ ತೋರಿಸ್ರಿ” ಎಂದು ಕೂಗಿದಳಂತೆ. ಬಿಂದುಮಾಧವ ಆ ದಿನ ಬೇರೆ ಕಡೆ ಮೋಟರು ನೋಡಲು ಹೋಗಿದ್ದ. ಸುದ್ದಿ ಕೇಳಿ, ‘ಸಣ್ಣ ವಯಸ್ಸು, ಬುದ್ಧಿ ಕೆಟ್ಟಿರಬೇಕು’ ಎಂದುಕೊಂಡು ಊಟ ಮಾಡಿದ. ಚೆನ್ನಾಗಿಯೇ ಊಟ ಮಾಡಿದ.

ಇಷ್ಟರಲ್ಲಿ ಅವನ ಮನೆಯಲ್ಲಿ ಸಂಭ್ರಮ. ಒಬ್ಬಳೇ ಮಗಳು ಗ್ರೀಷ್ಮಾ, ತುಂಬಿದ ಏಳು ತಿಂಗಳ ಬಸುರಿ. ಅಳಿಯ ರಂಜನ್ ಮೈಸೂರಿನವನು, ನಾಗಪುರದ್ದೇ ಮಿಹಾನ್ ಎಂಬ ಐಟಿ ಪಾರ್ಕಿನಲ್ಲಿ ಕಂಪ್ಯೂಟರ್ ಕೆಲಸ. ವತ್ಸಲಾ ನಮ್ಮ ಕಡೆಯ ಪದ್ಧತಿಯಂತೆ ಮಗಳಿಗೆ ಕುಬಸ ಮಾಡಬೇಕೆಂದು ಹಟ ಹಿಡಿದಳು. ಹಸಿರು ಸೀರೆ, ಹಸಿರು ಬಳೆ, ಹೂವಿನ ದಂಡೆ, ಮುತ್ತೈದೆಯರು ಬಂದು ಉಡಿ ತುಂಬುವುದು, ಎಲ್ಲ. ಬೀಗಿತ್ತಿ ಹೇಮಲತಾ ಮೈಸೂರಿನಿಂದ ರೈಲು ಹತ್ತಿ ಬಂದರು. ಅಕ್ಕಪಕ್ಕದ ಮರಾಠಿ ಹೆಂಗಸರೂ, ಕನ್ನಡ ಸಂಘದ ನಾಲ್ಕಾರು ಮಂದಿಯೂ ನೆರೆದರು.

“ಏನ್ರೀ, ನಿಮ್ಮ ಫ್ಯಾಕ್ಟರಿ ಸಂತ್ರಾ ಬರ್ಫಿ ತರ್ರಿ. ಉಡಿಯೊಳಗ ಅದನ್ನ ಇಡೂಣು. ಬೀಗರಿಗೂ ನಾಗಪುರದ ರುಚಿ ತಿಳೀಲಿ” ಎಂದು ವತ್ಸಲಾ ಹಿಂದಿನ ದಿನವೇ ಹೇಳಿದ್ದಳು. ಬಿಂದುಮಾಧವ ಅಂದೇ ಲೈನಿನಿಂದ ಇಳಿದ ಹೊಸ ಡಬ್ಬಿಗಳನ್ನು ಕೊಂಡು, ಬೈಕಿಗೆ ಕಟ್ಟಿಕೊಂಡು ತಂದ.

ಗ್ರೀಷ್ಮಾ ಮಣೆಯ ಮೇಲೆ ಕೂತಿದ್ದಳು. ಬೀಗಿತ್ತಿ ಉಡಿಯಲ್ಲಿ ಅಕ್ಕಿ ಹಾಕಿದರು, ತೆಂಗಿನಕಾಯಿ, ಉತ್ತತ್ತಿ, ಅರಿಸಿನ ಬೇರು, ಎಲೆ ಅಡಿಕೆ ಹಾಕಿದರು, ಮೇಲೆ ಬರ್ಫಿಯ ಡಬ್ಬಿ ಇಟ್ಟರು. ಬಸುರಿ ಹುಡುಗಿಗೆ ಬೆಳಗಿನಿಂದ ಹಸಿವು. “ಆಯಿ, ಒಂದ್ ಪೀಸ್ ತಿಂತೀನಿ, ಪ್ಲೀಜ್” ಎಂದು ಎಲ್ಲರ ಎದುರೇ ಮುಚ್ಚಳ ಕಿತ್ತಳು. ಎಲ್ಲರೂ ನಕ್ಕರು. ಆಮೇಲೆ ನಗು ನಿಂತಿತು. ಡಬ್ಬಿಯಲ್ಲಿ ಏನೂ ಇರಲಿಲ್ಲ.

ತುಂಬಿದ ಬಸುರಿಯ ಉಡಿಯಲ್ಲಿ ಖಾಲಿ ಡಬ್ಬಿ! ನಂಬದವರಿಗೆ ಅದು ಬರೀ ರಟ್ಟು. ನಂಬುವ ತಾಯಿಗೆ ಏನಾಗಬೇಡ? ವತ್ಸಲಾಳ ಮುಖದ ರಕ್ತವೇ ಇಳಿದುಹೋಯಿತು. ಪಕ್ಕದ ಮನೆಯ ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡಳು. ಬೀಗಿತ್ತಿ ಹೇಮಲತಾ ಜಾಣೆ, ಅಡುಗೆಮನೆಗೆ ಓಡಿ ಬೊಗಸೆ ತುಂಬ ಸಕ್ಕರೆ ತಂದು ಉಡಿಗೆ ಸುರಿದು, “ಅಯ್ಯೋ ಬಿಡಿ ವತ್ಸಲಾ, ಏನಾಯ್ತೀಗ? ಸಕ್ಕರೆಗಿಂತ ಸಿಹಿ ಬೇಕಾ?” ಎಂದರು. ಹಾಡು ಮತ್ತೆ ಶುರುವಾಯಿತು. ವತ್ಸಲಾ ಮಾತ್ರ ಆ ಡಬ್ಬಿಯನ್ನು ಒಯ್ದು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಬಂದಳು.

ಎಲ್ಲರೂ ಎಲೆಯ ಮುಂದೆ ಕೂತಾಗ ಅವಳಿಗೆ ತಡೆಯಲಾಗಲಿಲ್ಲ. “ಆ ಕಳ್ಳಿ ಮಾಡಿದ್ದು ಇದು. ಇವರ ಫ್ಯಾಕ್ಟರಿಯೊಳಗ ಒಬ್ಬಾಕಿ ಹುಡುಗಿ ಬರ್ಫಿ ಕದೀತಿದ್ಲಂತ. ನನ್ನ ಮಗಳ ಉಡಿ ಬರಿದು ಮಾಡಿದಾಕಿಗೆ ಎಂದೂ ಉಡಿ ತುಂಬಬಾರದು, ನೋಡ್ರಿ!” ಎಂದುಬಿಟ್ಟಳು. ಹಾಗೆ ಯಾರಿಗೂ ಕೆಟ್ಟದ್ದು ಬಯಸಿದವಳಲ್ಲ ಅವಳು. ಅಷ್ಟು ನೊಂದಿದ್ದಳು.

ಬಿಂದುಮಾಧವ ಅಡುಗೆಮನೆಯ ಕಟ್ಟೆಯ ಹತ್ತಿರ ನಿಂತು ಆ ಡಬ್ಬಿಯನ್ನು ತಿರುಗಿಸಿ ನೋಡುತ್ತಿದ್ದ. ಮಷೀನು ಒತ್ತಿದ ತಾರೀಖು ನಿನ್ನೆಯದು. ಯಶಿಕಾ ಹೋಗಿ ಎಷ್ಟೋ ದಿನವಾಗಿತ್ತು. ಅಂಟು ಮಷೀನಿನದೇ. ಹಾಗಾದರೆ ಖಾಲಿ ಡಬ್ಬಿ ಕಾಟಾದ ಮೇಲೆ ಹಾಯ್ದು, ಕೈಯನ್ನು ದಾಟಿ ಬಂದದ್ದು ಹೇಗೆ? ದೀಪಾವಳಿ, ಲಾರಿಗಳು, ಸಾಹೇಬನ ಕೂಗು, ಲ್ಯಾಪ್‌ಟಾಪು, ಎಲ್ಲ ಒಂದರ ಹಿಂದೊಂದು ಕಣ್ಣ ಮುಂದೆ ಬಂದವು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಹೊರಗೆ ಹೆಂಡತಿ ಆ ಹುಡುಗಿಗೆ ಇನ್ನೂ ಹಿಡಿಶಾಪ ಹಾಕುತ್ತಿದ್ದಳು. ‘ಬೇಡ, ಆ ಪಾಪ ನನ್ನದು’ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಬೀಗರಿದ್ದರು, ಅಳಿಯನಿದ್ದ, ಸಂಘದವರಿದ್ದರು. ಹೋಳಿಗೆಯ ಬುಟ್ಟಿ ಎತ್ತಿಕೊಂಡು ಹೋಗಿ ಎಲ್ಲರಿಗೂ ಬಡಿಸಿದ.

ಸೋಮವಾರ ಎಲ್ಲರಿಗಿಂತ ಮೊದಲು ಕಾರ್ಖಾನೆಗೆ ಹೋಗಿ ಪ್ಯಾನೆಲ್ ಬಾಗಿಲು ತೆರೆದ. ಒಳಗೆ ಮಷೀನಿನ ಬುದ್ಧಿಯ ಪೆಟ್ಟಿಗೆಯ ಮೇಲೆ ಒಂದು ಸಣ್ಣ ಹಳದಿ ದೀಪ ಇರುತ್ತದೆ. ಯಾರಾದರೂ ಫೋರ್ಸ್ ಹಾಕಿದ್ದರೆ ಅದು ಹೊತ್ತಿಕೊಳ್ಳುತ್ತದೆ, ತೆಗೆಯುವ ತನಕ ಆರುವುದಿಲ್ಲ. ಅದು ಉರಿಯುತ್ತಿತ್ತು. ದೀಪಾವಳಿಯಿಂದ ಉರಿಯುತ್ತಲೇ ಇತ್ತು. ಮಷೀನಂತೂ ಸುಳ್ಳು ಹೇಳಿರಲಿಲ್ಲ ನೋಡಿ, ತನಗೆ ಬಲವಂತ ಮಾಡಿದ್ದಾರೆ ಎಂದು ಹಗಲೂ ರಾತ್ರಿ ಹೇಳುತ್ತಲೇ ಇತ್ತು. ಕೇಳುವವನಿಗೆ ಪುರುಸೊತ್ತಿರಲಿಲ್ಲ.

ಅವನು ಲ್ಯಾಪ್‌ಟಾಪ್ ಜೋಡಿಸಿ ಫೋರ್ಸ್ ತೆಗೆದ. ದೀಪ ಆರಿತು. ಲೈನು ಓಡಿಸಿ ಖಾಲಿ ಡಬ್ಬಿ ಬಿಟ್ಟ. ಕೈ ಬಂದು ದಬ್ಬಿತು. ಸುತ್ತ ನೋಡಿದ. ಯಾರೂ ಇರಲಿಲ್ಲ. ಪ್ಯಾನೆಲ್ ಬಾಗಿಲು ಮುಚ್ಚಿ ಚಹಾ ಕುಡಿಯಲು ಹೋದ.

ಆಗಲೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಸಾಹೇಬನ ಕೋಣೆಯ ಬಾಗಿಲ ತನಕ ಹೋದ, ಒಳಗೆ ಯಾರೋ ಇದ್ದರು, ಹಿಂದೆ ಬಂದ. ಮರುದಿನ ಯಾರೂ ಇರಲಿಲ್ಲ, ಆಗಲೂ ಹಿಂದೆ ಬಂದ. ಇಷ್ಟು ವರ್ಷ ಗಳಿಸಿದ ಹೆಸರು, ನಾಳೆಯಿಂದ ‘ಮರೆತ ಭಾವು’ ಎಂದು ಹುಡುಗರು ಆಡಿಕೊಂಡು ನಗುವುದು, ಎಲ್ಲವೂ ಅಡ್ಡ ಬರುತ್ತಿತ್ತು. ಇನ್ನು ಮುಂದೆ ಖಾಲಿ ಡಬ್ಬಿ ಹೋಗುವುದಿಲ್ಲವಲ್ಲ, ತಪ್ಪು ಸರಿಯಾಯಿತಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಅಲ್ಲೇ ಅವನ ಲೆಕ್ಕ ತಪ್ಪಿದ್ದು. ಹಳೆಯ ಮಾಲು ಅಂಗಡಿಗಳಲ್ಲಿ ತೀರಿದ ಮೇಲೆ ದೂರುಗಳು ನಿಂತವು. ಒಂದೂ ಬರಲಿಲ್ಲ. ಗಿರಿಧರ್ ಸಾಹೇಬ ಲೈನಿಗೆ ಬಂದು, ಎಲ್ಲರಿಗೂ ಕೇಳುವಂತೆ, “ನೋಡಿದ್ರಿಲ್ಲೋ? ಕಳ್ಳಿ ಹೋದ್ಲು, ಕಳವು ನಿಂತಿತು. ನಮ್ಮ ಭಾವು ಅವತ್ತೇ ಹೇಳಿದ್ದ” ಎಂದು ಅವನ ಹೆಗಲ ಮೇಲೆ ಕೈ ಹಾಕಿದ. ಹೆಂಗಸರು ತಲೆ ತಗ್ಗಿಸಿ ತಟ್ಟೆ ಜೋಡಿಸುತ್ತಿದ್ದರು. ಬಿಂದುಮಾಧವನ ಮೈಯೆಲ್ಲ ಹಿಡಿಯಷ್ಟಾಯಿತು. ಗುಟ್ಟಾಗಿ ತಪ್ಪು ತಿದ್ದಿ ಅವನು ಆ ಹುಡುಗಿಯ ಹಣೆಗೆ ಕಳ್ಳಿ ಎಂಬ ಮುದ್ರೆಯನ್ನು ಇನ್ನಷ್ಟು ಗಟ್ಟಿಯಾಗಿ ಒತ್ತಿದ್ದ. ಮೊದಲು ಮಾಡಿದ್ದು ಮರೆವು. ಈಗ ಮಾಡಿದ್ದಕ್ಕೆ ಏನೆನ್ನಬೇಕು? ಹೆಗಲ ಮೇಲಿನ ಕೈಯನ್ನು ಸರಿಸುವಷ್ಟು ಧೈರ್ಯವೂ ಅವನಿಗೆ ಬರಲಿಲ್ಲ. ನಕ್ಕ. ಹೌದು, ಆ ಹೊತ್ತಿಗೂ ನಕ್ಕ.

ಅಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಸತ್ಯಭಾಮಾಬಾಯಿ ಅವನನ್ನು ಹುಡುಕಿಕೊಂಡು ವರ್ಕ್‌ಶಾಪಿಗೆ ಬಂದಳು. ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದಳು.

“ಭಾವು, ನಿಮಗೊಂದು ಮಾತು ಹೇಳ್ಬೇಕು. ಯಾರಿಗೂ ಹೇಳಿಲ್ಲ. ಯಶಿಕಾನ ಹೆಸರು ಕೊಟ್ಟಾಕಿ ನಾನೇ.”

ಬಿಂದುಮಾಧವ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ.

“ಸಾಹೇಬ್ರು ಒಳಗ ಕರದು ಕೇಳಿದ್ರು. ಮಷೀನು ಬರೋಬರ್ ಐತಿ ಅಂತ ಬಿಂದು ಹೇಳ್ಯಾನ, ಹಂಗಾದ್ರ ನಿನ್ನ ಹೆಂಗಸರೊಳಗ ಯಾರು ಅಂತ. ಆ ಪೋರಿ ಒಂದಿನ ಮುರಿದ ತುಂಡು ಬಾಯಾಗ ಹಾಕ್ಕೊಂಡಿದ್ದು ನಾ ನೋಡಿದ್ದೆ. ಅದನ್ನ ಹೇಳಿಬಿಟ್ಟೆ. ಒಂದು ತುಂಡು ತಿಂದಾಕಿ ಡಬ್ಬಿನೂ ಎತ್ತಿರ್ತಾಳ ಅಂದ್ಕೊಂಡೆ. ಆಮ್ಯಾಲ ತಿಂದ ಅನ್ನ ಮೈಗೆ ಹತ್ತಲಿಲ್ಲ ಭಾವು. ಆಕಿಗೆ ಕೆಲಸ ಕಲಿಸಿದಾಕಿ ನಾನು. ಸುಳ್ಳು ಹೇಳಿದೆನೋ ಏನೋ ಅಂತ ದಿನಾ ಕೊರಗಿದೆ.” ಅವಳು ಉಸಿರು ಬಿಟ್ಟಳು. “ಈಗ ಖಾಲಿ ಡಬ್ಬಿ ನಿಂತಾವು. ಅಂದ್ರ ನಾ ಹೇಳಿದ್ದು ಖರೇನ ಆತಲ್ಲ? ಇವತ್ತು ಹೊಟ್ಟಿ ತುಂಬ ಉಂಡೆ. ನಿಮಗ ಹೇಳ್ಬೇಕನಿಸ್ತು. ನೀವು ಅಷ್ಟು ಗಟ್ಟಿಯಾಗಿ ಹೇಳಿದ್ದಕ್ಕ ನನಗ ಧೈರ್ಯ ಬಂದದ್ದು.”

ಅವಳ ಮುಖದಲ್ಲಿ ನಿಜವಾದ ನೆಮ್ಮದಿ ಇತ್ತು. ಸುಮ್ಮನಿದ್ದರೆ ಆ ನೆಮ್ಮದಿ ಉಳಿಯುತ್ತಿತ್ತು. ಬಿಂದುಮಾಧವನಿಗೆ ಅವಳ ಕಣ್ಣು ನೋಡಲಾಗಲಿಲ್ಲ. ತನ್ನ ಒಂದು ಮಾತು ಹಿಡಿದುಕೊಂಡು ಈ ಹೆಂಗಸು ತಾನು ಕಲಿಸಿದ ಹುಡುಗಿಯನ್ನೇ ಕಳ್ಳಿ ಎಂದಿದ್ದಾಳೆ, ಈಗ ತನ್ನ ಮೌನ ಹಿಡಿದುಕೊಂಡು ಹೊಟ್ಟೆ ತುಂಬ ಉಂಡಿದ್ದಾಳೆ. ನಾಚಿಕೆ ಎಂಬುದು ಅವನ ಕಿವಿಯ ತನಕ ಬಿಸಿಯಾಗಿ ಹತ್ತಿತು.

“ಖರೇ ಅಲ್ಲ ಬಾಯಿ” ಎಂದ. “ಆಕಿ ಕದ್ದಿಲ್ಲ. ಯಾರೂ ಕದ್ದಿಲ್ಲ. ಮಷೀನನ್ನ ಕುರುಡು ಮಾಡಿದಾವ ನಾನು. ಮರೆತೆ. ಗೊತ್ತಾದ ಮ್ಯಾಲೆ ಕಳ್ಳನ ಹಂಗ ಸರಿ ಮಾಡಿ ಸುಮ್ಮನ ಕೂತೆ.” ಎಲ್ಲವನ್ನೂ ಹೇಳಿದ. ಕುಬಸದ ದಿನದ್ದೂ ಬಿಡಲಿಲ್ಲ.

ಸತ್ಯಭಾಮಾಬಾಯಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಲ್ಲೇ ಇದ್ದ ಮರದ ಪೆಟ್ಟಿಗೆಯ ಮೇಲೆ ಕುಸಿದು ಕೂತು, ಟೋಪಿಯನ್ನು ಮಡಚುತ್ತ ಬಿಚ್ಚುತ್ತ, “ಅಂದ್ರ ನಾನು…” ಎಂದಳು.

ಇಬ್ಬರೂ ಸಾಹೇಬನ ಕೋಣೆಗೆ ಹೋದರು. ಗಿರಿಧರ್ ಸಾಹೇಬ ಪೂರ್ತಿ ಕೇಳಿದ, ಬಾಗಿಲು ಮುಚ್ಚಿಸಿದ. “ಫೋರ್ಸ್ ಹಾಕು ಅಂದಾವ ನಾನೇ ಅಂತ ಹೇಳ್ತೀಯೇನು ನಾಳೆ? ಮುಗಿದ ಮಾತು ಭಾವು. ಆ ಹುಡುಗಿಗೆ ಬ್ಯಾರೆ ಎಲ್ಲೆರ ಕೆಲಸ ಸಿಗ್ತದ. ನೀ ಚಲೋ ಮನಷಾ, ಸುಮ್ನ ಯಾಕ ನಿನ್ನ ಮುಖಕ್ಕ ನೀನೇ ಮಸಿ ಬಳ್ಕೋತಿ?” ಎಂದ. ದನಿಯಲ್ಲಿ ಪ್ರೀತಿಯೇ ಇತ್ತು, ಅದು ಇನ್ನೂ ಕೆಟ್ಟದ್ದು. ಜಡತಿಯನ್ನು ನಿಲ್ಲಿಸಲು ಮಾತ್ರ ಒಪ್ಪಿದ. ಯಶಿಕಾಳನ್ನು ವಾಪಸು ಕರೆಯುವ ಮಾತಿಗೆ, ನೋಡೋಣ ಎಂದ. ಆ ನೋಡೋಣದ ಅರ್ಥ ಇಬ್ಬರಿಗೂ ಗೊತ್ತಿತ್ತು.

ಅಂದು ಮನೆಗೆ ಹೋಗಿ ಬಿಂದುಮಾಧವ ವತ್ಸಲಾಳಿಗೆ ಹೇಳಿದ. ಅವಳು ಬಟ್ಟೆ ಮಡಚುತ್ತಿದ್ದಳು. ಕೇಳಿ ಮುಗಿಸಿದ ಮೇಲೆ ಕೈಯಲ್ಲಿದ್ದ ಸೀರೆಯನ್ನು ಕೆಳಗಿಟ್ಟಳು.

“ಆಕಿ ಉಡಿ ಎಂದೂ ತುಂಬಬಾರದು ಅಂದೆನಲ್ರೀ ನಾನು” ಎಂದಳು. “ಒಂದು ಹೆಣ್ಣಿಗೆ ಅಂಥಾ ಮಾತು ಅಂದೆ. ನೀವು ಅಲ್ಲೇ ನಿಂತಿದ್ರಿ. ನಿಮಗ ಗೊತ್ತಿತ್ತು. ನನ್ನ ಬಾಯಿ ಮುಚ್ಚಸಲಿಲ್ಲ.” ಮಡಚಿದ ಬಟ್ಟೆಗಳನ್ನು ಅಲ್ಲೇ ಬಿಟ್ಟು ಒಳಗೆ ಹೋದಳು. ಬಿಂದುಮಾಧವ ಅವನ್ನೆತ್ತಿ ಕಪಾಟಿನಲ್ಲಿಟ್ಟ. ಯಾವುದು ಎಲ್ಲಿಡಬೇಕೆಂದೂ ಅವನಿಗೆ ಗೊತ್ತಿರಲಿಲ್ಲ.

ರವಿವಾರ ಅವನೂ ಸತ್ಯಭಾಮಾಬಾಯಿಯೂ ಕನ್ಹಾನಿನಲ್ಲಿ ಯಶಿಕಾಳ ಮನೆ ಹುಡುಕಿಕೊಂಡು ಹೋದರು. ನದಿಯ ಕಡೆಗಿಳಿಯುವ ಒಂದು ಇಕ್ಕಟ್ಟು ಓಣಿ. ನಳದಲ್ಲಿ ನೀರು ಬಂದಿತ್ತು, ಹೆಂಗಸರು ಕೊಡ ಹಿಡಿದು ಸಾಲಾಗಿ ನಿಂತಿದ್ದರು. ಯಶಿಕಾಳ ಮನೆ ಎಲ್ಲಿ ಎಂದು ಅವನು ಕೇಳಿದಾಗ ಸಣ್ಣ ಹುಡುಗನೊಬ್ಬ, “ಬರ್ಫಿ ಮನೀನಾ? ಆ ನೀಲಿ ಬಾಗಿಲು” ಎಂದು ತೋರಿಸಿದ. ಸಾಲಿನಲ್ಲಿ ಇಬ್ಬರು ಕಿಸಕ್ಕನೆ ನಕ್ಕರು.

ಬಾಗಿಲು ತೆರೆದವಳು ಯಶಿಕಾಳೇ. ಆ ನಗುವ ಹುಡುಗಿ ಇವಳೇ ಎಂದು ನಂಬಬೇಕಾದರೆ ಇನ್ನೊಮ್ಮೆ ನೋಡಬೇಕಿತ್ತು. ಸತ್ಯಭಾಮಾಬಾಯಿಯನ್ನು ಕಂಡು ಬಾಗಿಲನ್ನು ಅರ್ಧ ಮುಚ್ಚಿದಳು. ಹಿಂದಿನಿಂದ ಅವಳ ತಾಯಿ ಬಂದು, “ಬರ್ರಿ, ಒಳಗ ಬರ್ರಿ” ಎಂದು ಚಾಪೆ ಹಾಸಿದಳು. ಬಡವರ ಮನೆಯ ಮರ್ಯಾದೆ ಅದು, ಮಗಳನ್ನು ಕಳ್ಳಿ ಎಂದವರಿಗೂ ನೀರು ಕೊಟ್ಟಳು.

ಬಿಂದುಮಾಧವ ಚಾಪೆಯ ಮೇಲೆ ಕೂತು, ನೆಲ ನೋಡುತ್ತ, ಎಲ್ಲವನ್ನೂ ಹೇಳಿದ. ಸತ್ಯಭಾಮಾಬಾಯಿ ಹೆಸರು ಕೊಟ್ಟದ್ದನ್ನು ತಾನೇ ಹೇಳಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ತಾಯಿ ಅಳತೊಡಗಿದಳು. ಯಶಿಕಾ ಅಳಲಿಲ್ಲ. ಗೋಡೆಗೆ ಒರಗಿ ನಿಂತು ಕೇಳುತ್ತಿದ್ದಳು.

“ತಪ್ಪಾತು ಪೋರಿ” ಎಂದ ಬಿಂದುಮಾಧವ. “ಏನು ಮಾಡು ಅಂತಿ ಹೇಳು, ಮಾಡ್ತೀನಿ.”

“ಇಲ್ಲಿ ಯಾಕ ಹೇಳ್ತೀರಿ ಭಾವು?” ಎಂದಳು ಅವಳು. “ನಾ ಕದ್ದಿಲ್ಲ ಅಂತ ನಮ್ಮ ಅವ್ವಗ ಮೊದಲ ಗೊತ್ತಿತ್ತು. ನನ್ನ ಹೆಸರು ಮನಿ ಒಳಗ ಕೆಟ್ಟಿಲ್ಲ. ಹೊರಗ ಬರ್ರಿ.”

ಅವಳೇ ಮುಂದೆ ನಡೆದಳು. ನಳದ ಹತ್ತಿರ ಹೋಗಿ ನಿಂತಳು. ಬಿಂದುಮಾಧವ ಹೊಸಿಲು ದಾಟಿ ಚಪ್ಪಲಿ ಹುಡುಕಿದ, ಬೇಕಂತಲೇ ತಡಮಾಡಿದ. ಕೊಡ ಹಿಡಿದವರೆಲ್ಲ ತಿರುಗಿ ನೋಡುತ್ತಿದ್ದರು. ಗಂಡಸರು ಕಟ್ಟೆಯಿಂದ ಎದ್ದು ಬಂದರು. ಅವನು ಬಾಯಿ ತೆರೆದ. ಕಾರ್ಖಾನೆಯಲ್ಲಿ ಮಷೀನಿನ ಸದ್ದು ಮೀರಿ ಕೂಗುವ ಮನುಷ್ಯ, ಈಗ ದನಿ ಪಕ್ಕದವರಿಗೂ ಮುಟ್ಟಲೊಲ್ಲದು.

“ಈ ಹುಡುಗಿ ಕದ್ದಿಲ್ಲ. ತಪ್ಪು ನಂದು” ಎಂದ.

“ಕೇಳಿಸ್ಲಿಲ್ಲ” ಎಂದಳು ಯಶಿಕಾ.

“ಯಶಿಕಾ ಕದ್ದಿಲ್ಲ!” ಎಂದು ಜೋರಾಗಿ ಹೇಳಿದ. “ಮಷೀನು ಕೆಡಿಸಿದಾವ ನಾನು. ಕೆಟ್ಟಿಲ್ಲ ಅಂತ ಸಾಕ್ಷಿ ಹೇಳಿದಾವನೂ ನಾನು. ಸುಳ್ಳು ಅಂತ ಗೊತ್ತಾದ ಮ್ಯಾಲೂ ಸುಮ್ಮನಿದ್ದೆ. ಈ ಪೋರಿದು ಏನೂ ತಪ್ಪಿಲ್ಲ.” ಸತ್ಯಭಾಮಾಬಾಯಿ ಅವನ ಪಕ್ಕಕ್ಕೆ ಬಂದು ನಿಂತು, “ಹೆಸರು ಕೊಟ್ಟಾಕಿ ನಾನು” ಎಂದಳು. ನಳದ ನೀರು ಕೊಡ ತುಂಬಿ ಹೊರಗೆ ಸುರಿಯುತ್ತಿತ್ತು, ಯಾರೂ ಕೊಡ ಸರಿಸಲಿಲ್ಲ.

ಬಿಂದುಮಾಧವ ಯಶಿಕಾಳ ಮುಖ ನೋಡಿದ. ಸಾಕು ಎನ್ನುತ್ತಾಳೇನೋ ಎಂದು ಕಾದ. ಅವಳು ಓಣಿಯ ಉದ್ದಕ್ಕೂ ಕಣ್ಣು ಹಾಯಿಸಿದಳು.

“ಆ ತುದಿಯ ಮನ್ಯಾವ್ರಿಗೆ ಕೇಳ್ಸಿಲ್ಲ” ಎಂದಳು. “ನನ್ನ ನೋಡಾಕ ಬಂದ ಗಂಡಿನ ಕಡೆಯವರಿಗೆ ನಾ ಕಳ್ಳಿ ಅಂತ ಹೇಳಿದವರು ಅವರೇ.”

ಬಿಂದುಮಾಧವ ತಲೆ ಆಡಿಸಿದ. ಎಲ್ಲರೂ ನೋಡುತ್ತಿರುವಂತೆ ಓಣಿಯ ಆ ತುದಿಗೆ ನಡೆದು ಹೋಗಿ, ಬಾಗಿಲು ಬಡಿದು, ತೆರೆದವರಿಗೆ ಮೊದಲಿನಿಂದ ಹೇಳತೊಡಗಿದ.